ಹುಲಿಗೆಮ್ಮನ ಅರ್ಧ ಸಿನಿಮಾಗಳು

ಹೋದ ತಿಂಗಳು ಸಿರುಗುಪ್ಪದಲ್ಲಿ ಸೋದರಮಾವನ ಮಗಳ ನಿಶ್ಚಿತಾರ್ಥ ಮುಗಿಸಿಕೊಂಡು ಬಳ್ಳಾರಿಗೆ ಹೊರಟವನು ನೇರ ಬಸ್ಸು ತಪ್ಪಿಸಿಕೊಂಡೆ. ಸಿಕ್ಕಿದ್ದು ಕುರುಗೋಡಿನ ಮೇಲೆ ಹಾಯ್ದು ಬರುವ ಬಸ್ಸು. ಕುರುಗೋಡಿನಲ್ಲಿ ಡ್ರೈವರು ಚಹಾ ಕುಡಿಯಲು ಇಳಿದಾಗ ಕಿಟಕಿಯಿಂದ ಮಿರ್ಚಿ ಕರಿಯುವ ವಾಸನೆ ಒಳಗೆ ಬಂತು. ಕಾದ ಎಣ್ಣೆ, ಕಡಲೆಹಿಟ್ಟು, ಅಜವಾನ. ಬಳ್ಳಾರಿಯವನಿಗೆ ಇದೇನು ಹೊಸದಲ್ಲ, ನಮ್ಮ ಕೌಲ್ ಬಜಾರಿನಲ್ಲಿ ಬೆಳಗಾಗುವುದೇ ಒಗ್ಗಾಣಿ ಮಿರ್ಚಿಯಿಂದ. ಆದರೂ ಆ ಹೊತ್ತು, ಆ ಬಿಸಿಲು, ಎದುರಿಗೆ ಆ ಕಲ್ಲುಬೆಟ್ಟ ಸೇರಿದ್ದರಿಂದ ನನಗೆ ಸುಮ್ಮನೆ ಕೂರಲಾಗಲಿಲ್ಲ. ಬಾಣಲೆಯ ಮುಂದೆ ಕೂತವರು ಗುರುತಿನವರಲ್ಲ. ಬೆಟ್ಟದ ಬುಡದ ಕಡೆ ನೋಡಿದೆ. ಟಾಕೀಜಿನ ತಗಡು ಹಾಗೇ ಇತ್ತು, ಗೇಟಿನೊಳಗೆ ಭತ್ತದ ಲಾರಿ ನಿಂತಿತ್ತು. ಆ ಟಾಕೀಜಿನಲ್ಲಿ ನಾನು ಒಂದು ಮುಂಗಾರಿನಿಂದ ಸಂಕ್ರಾಂತಿ ದಾಟುವವರೆಗೆ ಸಿನಿಮಾ ತೋರಿಸುವ ಕೆಲಸ ಮಾಡಿದ್ದೆ.

ಕೊರೊನಾ ಮುಗಿದು ಊರೆಲ್ಲ ಮತ್ತೆ ಬಾಗಿಲು ತೆರೆದ ಕಾಲ ಅದು. ಬೆಟ್ಟದ ಊರು ಅಂದರೆ ತಂಪಾಗಿರುತ್ತದೆ ಎಂದು ಅಮ್ಮ ನನಗೆ ಒಂದು ಸ್ವೆಟರ್ ಕಟ್ಟಿಕೊಟ್ಟಿದ್ದಳು. ಕುರುಗೋಡಿನ ಬೆಟ್ಟದಲ್ಲಿ ಇರುವುದು ಬರೀ ಬಂಡೆ. ಹಗಲೆಲ್ಲ ಕಾದು, ಸಂಜೆ ಆ ಕಾವನ್ನೆಲ್ಲ ಊರ ಮೇಲೆ ಬಿಡುತ್ತದೆ. ಸ್ವೆಟರನ್ನು ಮಡಿಸಿ ತಲೆದಿಂಬು ಮಾಡಿಕೊಂಡೆ. ಊರು ಮಾತ್ರ ಎರಡೇ ದಿನಕ್ಕೆ ಹಿಡಿಸಿತು. ಒಂದೇ ಬೀದಿಯಲ್ಲಿ ಹಗ್ಗ, ಕುಡುಗೋಲು, ರೊಟ್ಟಿ ಹಂಚು, ಮೊಬೈಲ್ ಕವರ್, ಬಳ್ಳಾರಿಯಿಂದ ತಂದು ರಾಶಿ ಹಾಕಿದ ಜೀನ್ಸ್ ಪ್ಯಾಂಟು ಎಲ್ಲ ಸಿಗುತ್ತಿತ್ತು. ಜನ ಕನ್ನಡದಲ್ಲಿ ಬೆಲೆ ಕೇಳಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ಉರ್ದುವಿನಲ್ಲಿ ಬೈದು, ಕೊನೆಗೆ ನಗುತ್ತಲೇ ಕೊಂಡುಕೊಳ್ಳುತ್ತಿದ್ದರು. ವಾರಕ್ಕೊಮ್ಮೆ ಸಂತೆ. ಅವತ್ತು ಸುತ್ತಲ ಹಳ್ಳಿಗಳೆಲ್ಲ ಬಂದು ಬೀಳುತ್ತಿದ್ದವು, ಸಂತೆ ಮುಗಿಸಿ ಮಧ್ಯಾಹ್ನದ ಆಟಕ್ಕೆ ಟಾಕೀಜಿಗೆ ಬರುತ್ತಿದ್ದವು.

ಟಾಕೀಜಿನ ಮಾಲಕರು ವೀರಭದ್ರಪ್ಪನವರು, ಅಕ್ಕಿ ವ್ಯಾಪಾರದವರು. ಅವರು ಹೊಸ ಯಂತ್ರ ತರಿಸಿದ್ದರು. ಬಳ್ಳಾರಿಯ ಎ.ಸಿ. ಥೇಟರಿನಲ್ಲಿ ಮೂರು ವರ್ಷ ಕೆಲಸ ಕಲಿತ ನನ್ನನ್ನು ಅದನ್ನು ನಡೆಸಲು ಕರೆಸಿದ್ದರು. ನನಗಿಂತ ಮೊದಲು ಆ ಕೆಲಸದಲ್ಲಿದ್ದವರು ಮಾಬುಸಾಬ್. ಕಣ್ಣಿಗೆ ಪೊರೆ ಬಂದಿತ್ತಾದ್ದರಿಂದ ಅವರನ್ನು ಕೆಳಗೆ ಗೇಟಿಗೆ ನಿಲ್ಲಿಸಿದ್ದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಆದರೆ ಒಂದು ಮಾತೂ ಕೇಳುತ್ತಿರಲಿಲ್ಲ. ಹಳೆಯ ಯಂತ್ರದವರಿಗೆ ಹೊಸದರ ಬಗ್ಗೆ ಏನು ಗೊತ್ತು ಎಂಬ ಸೊಕ್ಕು.

ಮೊದಲ ಸಂತೆಯ ದಿನವೇ ಆ ಸೊಕ್ಕಿಗೆ ಪೆಟ್ಟು ಬಿತ್ತು. ಪರದೆಯ ಮೇಲೆ ಹೀರೋ ಕೈ ಎತ್ತಿದ್ದ, ಹೊಡೆತ ಇನ್ನೂ ಬಿದ್ದಿರಲಿಲ್ಲ. ಅಷ್ಟರಲ್ಲಿ ಕೆಳಗಿನ ಕ್ಯಾಂಟೀನಿನಿಂದ ಟಣ್ ಟಣ್ ಎಂದು ಸದ್ದು ಬಂತು. ಯಾರೋ ಕಿಟಕಿಯ ಸರಳಿಗೆ ಸೌಟು ಬಡಿಯುತ್ತಿದ್ದರು. ಅಷ್ಟೇ, ಇಡೀ ಟಾಕೀಜು ಎದ್ದು ನಿಂತಿತು. ಗೇಟಿನ ಪಕ್ಕದ ಸ್ವಿಚ್ ಒತ್ತಿ ಚಾಚಾ ದೀಪ ಹಾಕಿಯೇಬಿಟ್ಟರು. ಹೀರೋ ಒಬ್ಬನೇ ಬೆಳಕಿನಲ್ಲಿ ಮಂಕಾಗಿ ಹೊಡೆದಾಡುತ್ತಿದ್ದ, ಅವನನ್ನು ನೋಡುವವರೇ ಇರಲಿಲ್ಲ. ಇಂಟರ್‌ವಲ್‌ಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ನಾನು ಯಂತ್ರ ನಿಲ್ಲಿಸಿ ದಡದಡ ಇಳಿದು ಹೋದೆ.

ಕ್ಯಾಂಟೀನು ಮಾರೆಮ್ಮಕ್ಕನದು. ಐವತ್ತು ದಾಟಿದ, ಹಣೆತುಂಬ ಕುಂಕುಮದ ಹೆಂಗಸು. ನಾನು ಕೂಗಾಡಿ ಮುಗಿಸುವವರೆಗೂ ಕಾದು, ಜಾಲರಿ ಸೌಟಿನಿಂದ ಎಣ್ಣೆ ಬಸಿಯುತ್ತಾ, ಬುಟ್ಟಿ ತುಂಬಿತು, ಆರಿದ ಮಿರ್ಚಿ ಯಾರೂ ತಿನ್ನುವುದಿಲ್ಲ ಎಂದಳು. ಸಿನಿಮಾ ಮಾಡಿದವರು ಇಂಟರ್‌ವಲ್ ಎಲ್ಲಿ ಇಟ್ಟಿದ್ದಾರೋ ಅಲ್ಲೇ ಬಿಡಬೇಕು, ಮಿರ್ಚಿ ಬೆಂದಾಗ ಬಿಡುವುದಲ್ಲ ಎಂದು ನಾನು ಪಾಠ ಹೇಳಿದೆ. ಸುತ್ತಲಿನವರು ಮಿರ್ಚಿ ಕಡಿಯುತ್ತಾ ಆಸಕ್ತಿಯಿಂದ ಕೇಳಿದರು. ಅವರಲ್ಲೊಬ್ಬ, ತಾನು ಇದೇ ಸಿನಿಮಾ ಬಳ್ಳಾರಿಯಲ್ಲಿ ನೋಡಿದ್ದೇನೆ, ಅಲ್ಲಿ ಇಂಟರ್‌ವಲ್ ತಪ್ಪಿದ ಜಾಗದಲ್ಲಿ ಬಿಡುತ್ತಾರೆ ಎಂದ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ನಾನೂ ಒಗೆದೆ. ಮಾಲಕರಿಗೆ ಹೇಳಿ ದೀಪದ ಸ್ವಿಚ್ಚನ್ನು ಮೇಲೆ ನನ್ನ ಕೋಣೆಗೆ ತರಿಸಿಕೊಂಡೆ. ಇಂಟರ್‌ವಲ್ ಇರುವಲ್ಲೇ ಬೀಳುವಂತೆ ಯಂತ್ರಕ್ಕೆ ಹೇಳಿಕೊಟ್ಟೆ. ಅಲ್ಲಿ ಒಂದು ಸಿನಿಮಾ ಎರಡು ವಾರ ಓಡುತ್ತಿತ್ತು. ಬಳ್ಳಾರಿಯಲ್ಲಿ ಹಾಗಿಲ್ಲ, ವಾರಕ್ಕೊಂದು ಹೊಸದು ಹಾಕಿದರೆ ಜನ ಹೆಚ್ಚು ಬರುತ್ತಾರೆ ಎಂದು ಮಾಲಕರ ಕಿವಿಯಲ್ಲಿ ಊದಿದವನೂ ನಾನೇ. ಅವರಿಗೆ ಖುಷಿಯಾಗಿ, ಬಳ್ಳಾರಿಯ ಹುಡುಗ ಅಂದರೆ ಹೀಗಿರಬೇಕು ಎಂದು ಬೆನ್ನು ತಟ್ಟಿದರು. ಮಾರೆಮ್ಮಕ್ಕ ಸೌಟು ಬಡಿಯುವುದನ್ನು ಬಿಟ್ಟಳು. ಜೊತೆಗೆ ನನಗೆ ಮೇಲಕ್ಕೆ ಕಳಿಸುತ್ತಿದ್ದ ಮಿರ್ಚಿ ತಟ್ಟೆಯನ್ನೂ ಬಿಟ್ಟಳು. ಚಾಚಾ ಗೇಟಿನಲ್ಲಿ ನಿಂತು ಗಡ್ಡ ಸವರಿಕೊಳ್ಳುತ್ತಿದ್ದರು.

ಆಷಾಢ ಗಾಳಿಯಲ್ಲೇ ಹೋಯಿತು. ಶ್ರಾವಣದಲ್ಲಿ ಮಳೆ ಬಂತು, ನಮ್ಮ ಕಡೆ ಬರುವಂಥದ್ದು, ಬೆಟ್ಟ ತೊಳೆಯಲು ಸಾಕು, ಅಂಗಳ ತೊಯ್ಯಲು ಸಾಲದು ಎನ್ನುವಷ್ಟು. ಅಂಥ ಒಂದು ಸಂತೆಯ ದಿನ, ಮಧ್ಯಾಹ್ನದ ಆಟಕ್ಕೆ ಮೊದಲು ಒಬ್ಬ ಹೆಂಗಸು ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದಳು. ನಲವತ್ತರ ಆಸುಪಾಸು, ಕೈಯಲ್ಲಿ ಖಾಲಿಯಾದ ಸೊಪ್ಪಿನ ಬುಟ್ಟಿ. ತನ್ನ ಹೆಸರು ಹುಲಿಗೆಮ್ಮ, ಸಿರುಗುಪ್ಪ ಕಡೆಯ ಹಳ್ಳಿಯವಳು ಎಂದಳು. ಸೆರಗಿನ ಗಂಟು ಬಿಚ್ಚಿ, ಬೆವರಿಗೆ ಮೆತ್ತಗಾದ ಐದು ಹರಿದ ಟಿಕೆಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಇವು ಐದು ಸಿನಿಮಾದ ಅರ್ಧ ಚೀಟಿ ಅದಾವ್ರಿ," ಎಂದಳು. "ಇವುಗಳ ಉಳಿದರ್ಧ ಯಾವಾಗ ತೋರಿಸ್ತೀರಿ?"

ನನಗೆ ತಲೆಬುಡ ತಿಳಿಯಲಿಲ್ಲ. ಅವಳೇ ಕೂತು ಬಿಡಿಸಿ ಹೇಳಿದಳು. ಅವಳ ಊರಿಗೆ ಹೋಗುವ ಬಸ್ಸು ಮಧ್ಯಾಹ್ನದ ಆಟದ ನಡುವೆ ಬರುತ್ತದೆ, ಅದು ತಪ್ಪಿದರೆ ಹೊತ್ತು ಮುಳುಗಿದ ಮೇಲೆಯೇ ಇನ್ನೊಂದು. ಆದ್ದರಿಂದ ಆ ಕಡೆಯ ಹೆಂಗಸರು ಒಂದು ಸಂತೆಗೆ ಮೊದಲರ್ಧ ನೋಡಿ, ಹರಿದ ಚೀಟಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಮುಂದಿನ ಸಂತೆಗೆ ಮಾಬುಚಾಚಾ ಸಿನಿಮಾವನ್ನು ನಡುವಿನಿಂದ ಶುರು ಮಾಡುತ್ತಿದ್ದರು. ಎರಡನೇ ಅರ್ಧ ಮೊದಲು, ಮೊದಲರ್ಧ ಆಮೇಲೆ. ಅರ್ಧ ಚೀಟಿಯವರು ಉಳಿದದ್ದನ್ನು ನೋಡಿಕೊಂಡು ಬಸ್ಸಿಗೆ ಹೋಗುತ್ತಿದ್ದರು. ಊರವರಿಗೆ ಅದು ಗೊತ್ತಿತ್ತು, ಪೂರ್ತಿ ನೋಡಬೇಕಾದವರು ಬೇರೆ ದಿನ ಬರುತ್ತಿದ್ದರು. ಈಗ ವಾರಕ್ಕೊಂದು ಸಿನಿಮಾ ಬಂದು ಎರಡನೇ ಸಂತೆಯೇ ಇಲ್ಲ. ಇಂಟರ್‌ವಲ್ಲೂ ತಡವಾಗಿ, ಎರಡು ಸಲ ಬಸ್ಸು ತಪ್ಪಿ ಮನೆಯಲ್ಲಿ ಮಾತು ಕೇಳಿದ್ದಾಳೆ.

ಅವಳು ನೋಡುತ್ತಿದ್ದದ್ದು ತನಗೊಬ್ಬಳಿಗಾಗಿ ಅಲ್ಲ. ಭತ್ತದ ನಾಟಿ ಮಾಡುವ ಹನ್ನೆರಡು ಹೆಂಗಸರ ಗುಂಪು ಅವರದು. ಸಂತೆಯ ದಿನ ಎಲ್ಲರ ಹಿತ್ತಲಿನ ಪುಂಡಿಸೊಪ್ಪು, ಮೆಂತ್ಯೆ ಕಟ್ಟಿ ಹುಲಿಗೆಮ್ಮನನ್ನು ಕಳಿಸುತ್ತಿದ್ದರು, ಅವಳ ಪಾಲಿನ ಸಾಲನ್ನು ಉಳಿದವರೇ ನಾಟಿ ಮಾಡುತ್ತಿದ್ದರು. ಅದಕ್ಕೆ ಬದಲು ಅವಳು ಸಿನಿಮಾ ನೋಡಿಕೊಂಡು ಬಂದು, ವಾರವಿಡೀ ಕೆಸರಿನಲ್ಲಿ ಬಗ್ಗಿ ಸಸಿ ಊರುತ್ತಾ ಅದನ್ನು ಹೇಳಬೇಕು. ಹಾಡಿಗೆ ಹಾಡು, ಜಗಳಕ್ಕೆ ಜಗಳ. ಆ ಕತೆಯಿಂದಲೇ ಸಾಲು ಸರಿಯುತ್ತಿತ್ತು. ಊರಿನಲ್ಲಿ ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ ಎಂದೆ. ಕೆಸರುಗೈಯಲ್ಲಿ ಫೋನ್ ಹಿಡಿಯುವವರು ಯಾರು ಎಂದಳು.

"ಹನ್ನೊಂದು ಮಂದಿ ಕಾಯಾಕತ್ತಾರಣ್ಣ," ಎಂದಳು. "ಐದು ಸಿನಿಮಾದಾಗ ಐದು ಮಂದಿನ ಅಲ್ಲಲ್ಲೇ ನಿಲ್ಲಿಸಿ ಬಂದೀನಿ. ಒಬ್ಬಾಕಿ ಬಾವಿ ಕಟ್ಟಿ ಮ್ಯಾಲೆ ನಿಂತಾಳ, ಒಬ್ಬಾತ ಜೈಲಿನಾಗ ಅದಾನ. ಅವರ್ನ ಇಳಿಸಿ ಮನಿಗೆ ಮುಟ್ಟಿಸ್ಬೇಕೋ ಬ್ಯಾಡೋ? ನನಗ ಅರ್ಧ ಹುಲಿಗೆಮ್ಮ ಅಂತ ಕರೀತಾರ. ಇನ್ನ ಮ್ಯಾಲೆ ನಿನ್ನ ಕಳ್ಸಂಗಿಲ್ಲ ಅಂತಾರ."

ಕೊನೆಗೆ ಎಲ್ಲ ಸರಿ ಹೋಗುತ್ತದೆ, ಎಲ್ಲ ಸಿನಿಮಾದಲ್ಲೂ ಅಷ್ಟೇ ಎಂದೆ, ದೊಡ್ಡ ಜಾಣನ ಹಾಗೆ.

"ಹೆಂಗ ಸರಿ ಹೋತು ಅಂತ ಕೇಳ್ತಾರ್ರಿ ಅವರು," ಎಂದಳು ಹುಲಿಗೆಮ್ಮ.

ಆ ಬಾವಿಕಟ್ಟೆಯ ಹೆಂಗಸು ಏನಾದಳೆಂದು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಆ ಸಿನಿಮಾವನ್ನು ಒಂದು ವಾರ, ದಿನಕ್ಕೆ ನಾಲ್ಕು ಆಟ ತೋರಿಸಿದ್ದೆ. ನಾನು ನೋಡಿದ್ದು ಬೆಳಕು ಸರಿಯಾಗಿದೆಯೇ, ಸದ್ದು ಒಡೆಯುತ್ತಿದೆಯೇ ಎಂಬುದನ್ನು ಮಾತ್ರ. ಸಿನಿಮಾ ಹೀಗೆಯೇ ನೋಡಬೇಕೆಂದು ಊರಿಗೆಲ್ಲ ಹೇಳಿದವನು ಒಂದು ಸಿನಿಮಾವನ್ನೂ ನೋಡಿರಲಿಲ್ಲ. ನಾಚಿಕೆಯಾಯಿತು.

ಕೆಳಗಿಳಿದು ಚಾಚಾರನ್ನು, ಇದನ್ನೆಲ್ಲ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀ ಕೇಳಿದ್ದಿಲ್ಲ ಬೇಟಾ," ಎಂದರು. ಆಮೇಲೆ ಸೌಟಿನ ವಿಷಯವನ್ನೂ ಹೇಳಿದರು. ಮಾರೆಮ್ಮಕ್ಕನ ಕಿಟಕಿಯಿಂದ ಬೆಟ್ಟದ ತಿರುವಿನ ರಸ್ತೆ ಕಾಣುತ್ತದೆ. ಬಸ್ಸು ತಿರುವಿಗೆ ಬಂದದ್ದು ಕಂಡಾಗ ಅವಳು ಸೌಟು ಬಡಿಯುತ್ತಿದ್ದಳು. ಬುಟ್ಟಿ ತುಂಬಿತು ಎನ್ನುವುದು ನನ್ನಂಥ ಕೂಗುಮಾರಿಗಳ ಬಾಯಿ ಮುಚ್ಚಿಸಲು ಹೇಳಿದ ಮಾತು.

ಮಾಲಕರ ಹತ್ತಿರ ಹೋಗಿ ಮತ್ತೆ ಎರಡು ವಾರದ ಪದ್ಧತಿಗೆ ಬರೋಣ ಎಂದು ಕೇಳಿಕೊಂಡೆ. ವರ್ಷ ಪೂರ್ತಿ ವಾರಕ್ಕೊಂದರಂತೆ ಮಾತಾಗಿದೆ, ನೀನೇ ಅಲ್ಲವೇ ಹೇಳಿದ್ದು ಎಂದರು. ತಪ್ಪು ನನ್ನದೇ, ಹಾಗಾಗಿ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಇರಲಿಲ್ಲ. ಮಾರೆಮ್ಮಕ್ಕನ ಮುಂದೆ ನಿಂತು, ಮುಂದಿನ ಸಂತೆಯಿಂದ ಸೌಟು ಬಡಿಯಬೇಕು ಅಕ್ಕಾ ಎಂದೆ. ಅವಳು ಒಂದು ತಟ್ಟೆ ಮಿರ್ಚಿ ನನ್ನ ಕಡೆ ಸರಿಸಿದಳು, ಉಪ್ಪು ಹೆಚ್ಚಾಗಿದೆಯೇನು ನೋಡು ಎಂದಳು. ಬಸ್ಸಿನ ತೊಡಕು ಅಷ್ಟಕ್ಕೆ ಬಗೆಹರಿಯಿತು. ಎರಡನೇ ಅರ್ಧದ ತೊಡಕು ಉಳಿಯಿತು. ಅದಕ್ಕೆ ಒಂದೇ ದಾರಿ ಹೊಳೆಯಿತು. ನಾನು ಸರಿಯಾಗಿ ನೋಡಿ, ಹುಲಿಗೆಮ್ಮನಿಗೆ ಹೇಳುವುದು.

ಮುಂದಿನ ಸಂತೆಯಂದು ಆಟಕ್ಕೆ ಮೊದಲು ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಹೋದ ವಾರದ ಸಿನಿಮಾದ ಎರಡನೇ ಅರ್ಧ ಹೇಳಿದೆ. ಐದು ನಿಮಿಷಕ್ಕೆ ಮುಗಿಯಿತು. ಹುಲಿಗೆಮ್ಮ ನನ್ನ ಮುಖ ನೋಡಿದಳು. ತಾಯಿ ಬಂದಾಗ ಬಾಗಿಲು ತೆಗೆದವರು ಯಾರು? ಗೊತ್ತಿಲ್ಲ. ಆಕೆ ಯಾವ ಸೀರೆ ಉಟ್ಟಿದ್ದಳು? ನೋಡಲಿಲ್ಲ. ಮಗ ಅಳುವ ಮುಂಚೆ ಏನೆಂದ? ನಾನು ತಡವರಿಸಿದೆ. ಆಗ ಬಾಣಲೆಯ ಹಿಂದಿನಿಂದ ಮಾರೆಮ್ಮಕ್ಕ ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ನಾವಿಬ್ಬರೂ ತಿರುಗಿ ನೋಡಿದೆವು. ಅವಳು ಒಂದು ದಿನವೂ ಒಳಗೆ ಕೂತು ಸಿನಿಮಾ ನೋಡಿದವಳಲ್ಲ. ಆದರೆ ಗೋಡೆಯ ಆಚೆಯಿಂದ ದಿನಕ್ಕೆ ನಾಲ್ಕು ಸಲ ಕೇಳಿ ಕೇಳಿ ಎಲ್ಲ ಮಾತೂ ಬಾಯಿಪಾಠವಾಗಿತ್ತು. ಯಾರು ಕೆಟ್ಟವರು ಎಂದು ಕೆಮ್ಮಿನಲ್ಲೇ ಗುರುತಿಸುತ್ತಿದ್ದಳು.

ಅಲ್ಲಿಂದ ಅದೊಂದು ನಮ್ಮ ಪದ್ಧತಿಯಾಯಿತು. ಕಂಡದ್ದು ನನ್ನದು, ಕೇಳಿದ್ದು ಮಾರೆಮ್ಮಕ್ಕನದು, ಎರಡನ್ನೂ ಹೊಲಿದು ಹೊತ್ತುಕೊಂಡು ಹೋಗುವುದು ಹುಲಿಗೆಮ್ಮನದು. ಹಳೆಯ ಐದನ್ನೂ ಒಂದೊಂದಾಗಿ ನಾನು ಬೇರೆ ಕಡೆ ಕೇಳಿ, ಫೋನಿನಲ್ಲಿ ನೋಡಿ ಮುಗಿಸಿಕೊಟ್ಟೆ. ಬಾವಿಯವಳು ಇಳಿದಳು, ಜೈಲಿನವನು ಬಿಡುಗಡೆಯಾದ. ನಾಟಿ ಮುಗಿದು ಕಳೆ, ಕಳೆ ಮುಗಿದು ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲ ಬಂತು. ಹೊಲದಿಂದ ಅಭಿಪ್ರಾಯಗಳೂ ಬರತೊಡಗಿದವು. ಹೋದ ವಾರದ ನಿಮ್ಮ ಅರ್ಧ ಸಪ್ಪಗಿತ್ತಂತೆ, ಅತ್ತೆಯನ್ನು ಅಷ್ಟು ಬೇಗ ಒಳ್ಳೆಯವಳು ಮಾಡಬಾರದಿತ್ತಂತೆ. ನಾನು ಮಾಡಿದ್ದಲ್ಲ ಅಕ್ಕಾ, ಸಿನಿಮಾದಲ್ಲೇ ಹಾಗಿದೆ ಎನ್ನುತ್ತಿದ್ದೆ. ಅದರಿಂದ ಅವಳಿಗೆ ಸಮಾಧಾನವಾಗುತ್ತಿರಲಿಲ್ಲ. ನನಗಂತೂ ಮೇಲಿನ ಕೋಣೆಯಲ್ಲಿ ಕೂತು ಮುಖಗಳನ್ನು ನೋಡುವ ಚಟ ಹತ್ತಿತು. ಇರುವುದನ್ನು ಇದ್ದ ಹಾಗೇ ಹೇಳಬೇಕೆಂದು ಹಟದಿಂದ ನೋಡುತ್ತಿದ್ದೆ. ಅಷ್ಟು ಸುಖವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ, ಹಿಂದೆಯೂ ಇಲ್ಲ, ಈಗಲೂ ಇಲ್ಲ.

ಸಂಕ್ರಾಂತಿಯ ನಂತರ ಮಾಲಕರು ಟಾಕೀಜು ಮುಚ್ಚಿದರು. ಜನ ಕಡಿಮೆಯಾಗಿದ್ದರು, ಭತ್ತ ಇಡಲು ಅವರಿಗೆ ಜಾಗ ಬೇಕಿತ್ತು. ಜಗಳವಿಲ್ಲ, ಗಲಾಟೆಯಿಲ್ಲ, ಒಂದು ಬೆಳಿಗ್ಗೆ ಕರೆದು ಹೇಳಿದರು, ಅಷ್ಟೇ. ಮಾರೆಮ್ಮಕ್ಕನಿಗೆ ಬಸ್ ನಿಲ್ದಾಣದ ಹತ್ತಿರ ಒಂದು ಜಾಗ ಸಿಕ್ಕಿತು, ಚಾಚಾ ಮಗಳ ಮನೆಗೆ ಹೊರಟರು. ಕೊನೆಯ ಸಿನಿಮಾದ ಮೊದಲರ್ಧವನ್ನು ಹುಲಿಗೆಮ್ಮ ನೋಡಿಕೊಂಡು ಹೋಗಿದ್ದಳು. ತಮ್ಮಂದಿರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಅಕ್ಕನ ಕತೆ. ತಮ್ಮಂದಿರು ಅವಳನ್ನು ಮನೆಯಿಂದ ಹೊರಗೆ ಹಾಕುವಲ್ಲಿಗೆ ಹುಲಿಗೆಮ್ಮನ ಅರ್ಧ ನಿಂತಿತ್ತು. ಮುಂದಿನ ಸಂತೆಯ ದಿನ ಯಂತ್ರ ಒಪ್ಪಿಸಲು ನಾನು ಬಳ್ಳಾರಿಗೆ ಹೋಗಬೇಕಾಯಿತು. ಬಂದು ಕೇಳಿದರೆ, ಅವಳು ಬೀಗ ಹಾಕಿದ ಗೇಟಿನ ಮುಂದೆ ನಿಂತೇ ನಿಂತಿದ್ದಳು ಎಂದಳು ಮಾರೆಮ್ಮಕ್ಕ. ತಾನು ಕೇಳಿದಷ್ಟನ್ನು ಹೇಳುತ್ತೇನೆ ಎಂದು ಕೂಗುವಷ್ಟರಲ್ಲಿ ಬಸ್ಸು ಬಂದಿತ್ತಂತೆ.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುವ ಹಾಗೆ ಅವಳನ್ನು ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಟ್ರಂಕನ್ನು ಮಾರೆಮ್ಮಕ್ಕನ ಹತ್ತಿರ ಇಟ್ಟು ಹುಲಿಗೆಮ್ಮನ ಊರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎರಡನೇ ಅರ್ಧವನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅಕ್ಕ ದುಡಿದು ಬೇರೆ ಮನೆ ಮಾಡುತ್ತಾಳೆ, ತಮ್ಮಂದಿರು ಬಂದು ಕಾಲಿಗೆ ಬೀಳುತ್ತಾರೆ, ಅಕ್ಕ ಕ್ಷಮಿಸುತ್ತಾಳೆ, ಆ ಮನೆಯ ಕೀಲಿಕೈಯನ್ನು ಅವರ ಕೈಗಿಟ್ಟು ಅವರ ತೊಡೆಯ ಮೇಲೇ ಪ್ರಾಣ ಬಿಡುತ್ತಾಳೆ. ಸೀರೆ ಹಸಿರು, ಬಾಗಿಲಿಗೆ ನೀಲಿ ಬಣ್ಣ. ಒಂದನ್ನೂ ಮರೆತಿರಲಿಲ್ಲ.

ಎರಡನೇ ಬೆಳೆಯ ನಾಟಿ ನಡೆದಿತ್ತು. ಕಾಲುವೆಯ ನೀರು ನಿಂತ ಗದ್ದೆಯಲ್ಲಿ ಹನ್ನೆರಡು ಜನ ಸಾಲಾಗಿ ಬಗ್ಗಿದ್ದರು, ಒಂದು ದನಿ ಮಾತ್ರ ಕೇಳುತ್ತಿತ್ತು. ನಾನು ಬದುವಿನ ಮೇಲೆ ನಿಂತೆ. ಹುಲಿಗೆಮ್ಮ ಎರಡನೇ ಅರ್ಧ ಹೇಳುತ್ತಿದ್ದಳು. ಅಕ್ಕ ಬೇರೆ ಮನೆ ಮಾಡಿದಳು, ತಮ್ಮಂದಿರು ಬಂದರು, ಕಾಲಿಗೆ ಬಿದ್ದರು. ಅಲ್ಲಿಯವರೆಗೆ ಸರಿಯಿತ್ತು, ಊಹಿಸಲು ಕಷ್ಟವೂ ಇಲ್ಲ. ಆಮೇಲೆ ಅಕ್ಕ ಅವರನ್ನು ಕೂರಿಸಿ, ಬಿಸಿ ರೊಟ್ಟಿ ಬಡಿದು, ಹೊಟ್ಟೆ ತುಂಬ ಉಣಿಸಿದಳಂತೆ. ಕೈ ತೊಳೆಯಲು ನೀರು ಕೊಟ್ಟಳಂತೆ.

"ಆಮ್ಯಾಲೆ ಏನಂದ್ಳು ಗೊತ್ತೇನು? ಉಂಡ್ರಲ್ಲ, ಇನ್ನ ಹೋಗ್ರಿ. ಈ ಮನಿ ನಂದು, ಅಂದ್ಳು. ಅಂದು ಬಾಗಿಲು ಹಾಕ್ಕೊಂಡ್ಳು."

ಸಾಲು ಒಂದು ಗಳಿಗೆ ನಿಂತಿತು. ಆಗ ಹುಲಿಗೆಮ್ಮ ತಲೆಯೆತ್ತಿ ನನ್ನನ್ನು ಕಂಡಳು. ಉಳಿದವರೂ ತಿರುಗಿದರು. ಒಬ್ಬಳು, ಇವರ್ಯಾರು ಎಂದಳು. ಹುಲಿಗೆಮ್ಮ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಖಾದರಣ್ಣ, ಟಾಕೀಜಿನಾತ, ಸಿನಿಮಾ ತೋರಿಸಿದಾತ ಎಂದಳು, ನೆಲ ನೋಡುತ್ತಾ. ಅವಳ ಕೈಯ ಸಸಿಕಟ್ಟಿನಿಂದ ನೀರು ಇಳಿಯುತ್ತಿತ್ತು.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹೌದೇನಪಾ? ಆಕಿ ಹಂಗ ಅಂದು ಬಾಗಿಲು ಹಾಕ್ಕೊಂಡ್ಳು?"

ದಾರಿಯುದ್ದಕ್ಕೂ ಕಾಪಾಡಿಕೊಂಡು ಬಂದ ಹಸಿರು ಸೀರೆ, ಕೀಲಿಕೈ, ಸಾವು ಎಲ್ಲ ಬಾಯಿಯ ತನಕ ಬಂದಿದ್ದವು. ಎಲ್ಲವನ್ನೂ ನುಂಗಿಕೊಂಡೆ.

"ಹೌದಮ್ಮಾ," ಎಂದೆ. "ಹಂಗ ಅಂದ್ಳು. ನಾ ದಿನಾ ನಾಕು ಸಲ ನೋಡೀನಿ."

"ಛಲೋ ಮಾಡಿದ್ಳು," ಎಂದು ಮುದುಕಿ ಮತ್ತೆ ನೀರಿಗೆ ಬಗ್ಗಿದಳು. ಅವಳ ಹಿಂದೆ ಹನ್ನೊಂದು ಬೆನ್ನುಗಳೂ ಬಗ್ಗಿದವು, ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು.